ರಿಪೋರ್ಟ್‌ನಲ್ಲಿ ರಕ್ತ ಜಾಸ್ತಿ ಅಂತ ಬಂದಿದೆ, ಖುಷಿ ಪಡಬೇಕಾ ಹೆದರಬೇಕಾ?

ಬನಹಟ್ಟಿ ಮಗ್ಗ · ಏಪ್ರಿಲ್ 14, ರಾತ್ರಿ 10:42

ಎಲ್ಲರಿಗೂ ನಮಸ್ಕಾರ ರೀ. ನನಗೆ 46 ವರ್ಷ. ಬನಹಟ್ಟಿಯಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡಿದ್ದೇನೆ. ವಿಮೆ ಮಾಡಿಸೋಣ ಅಂತ ಹೋದರೆ ರಕ್ತ ಪರೀಕ್ಷೆ ಕೇಳಿದರು. ಕೊಟ್ಟೆ. ಹಿಮೋಗ್ಲೋಬಿನ್ 18.3, ಪಿಸಿವಿ 54.6, ಆರ್‌ಬಿಸಿ (ಕೆಂಪು ರಕ್ತಕಣ) 6.2 ಅಂತ ಬಂತು. ಮೂರರ ಮುಂದೆಯೂ ದಪ್ಪ ಅಕ್ಷರದಲ್ಲಿ "ಹೈ" ಅಂತ ಇದೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ನಾರ್ಮಲ್.

ನಮ್ಮ ಅವ್ವನಿಗೆ ಹೇಳಿದೆ. "ರಕ್ತ ಕಡಿಮಿ ಅಂದ್ರ ಚಿಂತಿ ಮಾಡಬೇಕು. ಜಾಸ್ತಿ ಐತಿ ಅಂದ್ರ ಏನ್ ಚಿಂತಿ, ಉಂಡಿದ್ದು ಮೈಗೆ ಹತ್ತೇತಿ ಬಿಡು" ಅಂದಳು. ಔಷಧಿ ಅಂಗಡಿಯ ಹುಡುಗ ಮಾತ್ರ ರಿಪೋರ್ಟ್ ನೋಡಿ, "ಕಾಕಾ, ರಕ್ತ ದಪ್ಪ ಆಗೇತಿ, ಲಕ್ವಾ ಹೊಡೀತದ" ಅಂದ. ರಾತ್ರಿ ಮೊಬೈಲ್‌ನಲ್ಲಿ ಹುಡುಕಿದರೆ ಮೂರನೇ ಸಾಲಿಗೇ ಕ್ಯಾನ್ಸರ್ ಅಂತ ಬಂತು. ಎರಡು ರಾತ್ರಿಯಿಂದ ನಿದ್ದೆ ಇಲ್ಲ.

ಯಾರಿಗಾದರೂ ಹೀಗೆ ಬಂದಿತ್ತಾ? ಏನು ಮಾಡಿದಿರಿ?

ಗುಮ್ಮಟದ ನೆರಳು · 10:49

ಅವ್ವ ಹೇಳಿದ್ದು ಖರೇ. ನನ್ನದು 11 ಇದೆ, ಎರಡು ಪಾಯಿಂಟ್ ಈ ಕಡೆ ಕಳಿಸಿಕೊಡಿ.

ಅಥಣಿ ಚಪ್ಪಲಿ · 10:58

ಅಣ್ಣಾರ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಮುಂಜಾನೆ ಬರಿ ಹೊಟ್ಟೆಯಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿ ತಿನ್ನಿ. ಗಜ್ಜರಿ, ಬೀಟ್‌ರೂಟ್ ಬಿಡಿ. ಒಂದು ಸಲ ರಕ್ತದಾನ ಮಾಡಿ ಬನ್ನಿ. ಮುಗಿಯಿತು. ನಮ್ಮ ಮಾವ ಹೀಗೇ ಮಾಡಿದ್ದರು.

ನೇರಳೆ ಮುಚ್ಚಳ · 11:15

ಅಥಣಿ ಅಣ್ಣ, ದಯವಿಟ್ಟು ನಿಲ್ಲಿ. ನಾನು ವಿಜಯಪುರದಲ್ಲಿ 19 ವರ್ಷದಿಂದ ಲ್ಯಾಬ್ ಕೆಲಸ ಮಾಡುತ್ತಿದ್ದೇನೆ. ಡಾಕ್ಟರ್ ಅಲ್ಲ, ಅದು ಮೊದಲೇ ಗೊತ್ತಿರಲಿ. ಆದರೆ ಇಂಥ ರಿಪೋರ್ಟ್ ಪ್ರತಿ ಬೇಸಿಗೆಯಲ್ಲಿ ನೋಡುತ್ತೇನೆ.

ಮಗ್ಗದ ಅಣ್ಣಾರ, ಮೊದಲು ಇಷ್ಟು ಹೇಳಿ. ರಕ್ತ ಕೊಡುವ ಮುಂಚೆ ನೀರು ಕುಡಿದಿದ್ದಿರಾ? ಬಿಪಿ ಮಾತ್ರೆ ಇದೆಯಾ? ಇದ್ದರೆ ಅದರ ಹೆಸರಿನ ಕೊನೆಗೆ ಏನಿದೆ? ಬೀಡಿ, ಸಿಗರೇಟ್? ಕುಡಿಯುವುದು? ಗೊರಕೆ? ಹಿಂದೆ ಎಂದಾದರೂ ರಕ್ತ ಪರೀಕ್ಷೆ ಮಾಡಿಸಿದ್ದರೆ ಆಗ ಎಷ್ಟಿತ್ತು?

ಬನಹಟ್ಟಿ ಮಗ್ಗ · 11:31

ಫಾಸ್ಟಿಂಗ್ ಅಂದಿದ್ದರಲ್ಲ, ಅದಕ್ಕೆ ರಾತ್ರಿ 9ರಿಂದ ಒಂದು ಹನಿ ನೀರು ಬಾಯಿಗೆ ಹಾಕಲಿಲ್ಲ. ಅಲ್ಲಿ ಸರದಿಯಲ್ಲಿ ನಿಂತು ನಿಂತು 11 ಗಂಟೆ ಆಯಿತು. ಹಿಂದಿನ ದಿನ ಪೂರ್ತಿ ಶೆಡ್‌ನಲ್ಲೇ ಇದ್ದೆ. ಮೇಲೆ ತಗಡು, ಕರೆಂಟ್ ಎರಡು ಸಲ ಹೋಗಿತ್ತು, ಅಂಗಿ ಹಿಂಡಿದರೆ ನೀರು ಬರುತ್ತಿತ್ತು.

ಬಿಪಿ ಮಾತ್ರೆ ಮೂರು ವರ್ಷದಿಂದ ಇದೆ. ಕೊನೆಗೆ ಎಚ್ ಅಂತ ಇದೆ. ಬೀಡಿ ದಿನಕ್ಕೆ ಒಂದು ಕಟ್ಟು. ಕುಡಿಯುವುದು ಹಬ್ಬಕ್ಕೆ. ಗೊರಕೆ ನನಗೆ ಗೊತ್ತಿಲ್ಲ, ಮನೆಯವರನ್ನು ಕೇಳಿದರೆ ಸುಮ್ನೆ ನಗುತ್ತಾರೆ. ಹಳೇ ರಿಪೋರ್ಟ್ ಸಿಕ್ಕರೆ ಹಾಕುತ್ತೇನೆ.

ನೇರಳೆ ಮುಚ್ಚಳ · 11:58

ಅರ್ಧ ಉತ್ತರ ನೀವೇ ಕೊಟ್ಟಿರಿ.

ಪಿಸಿವಿ ಅಂದರೆ ಏನು ಅಂತ ನಾನು ನೋಡುವ ರೀತಿಯಲ್ಲಿ ಹೇಳುತ್ತೇನೆ. ಈಗ ಮಷೀನ್ ಲೆಕ್ಕ ಹಾಕಿ ಕೊಡುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಕೈಯಲ್ಲೇ ಮಾಡುತ್ತಿದ್ದೆವು. ಕಡ್ಡಿಯಷ್ಟು ಸಣ್ಣ ಗಾಜಿನ ಕೊಳವೆಗೆ ರಕ್ತ ತುಂಬಿ, ಒಂದು ತುದಿ ಮುಚ್ಚಿ, ಐದು ನಿಮಿಷ ಗಿರಗಿರ ತಿರುಗಿಸುವುದು. ಹೊರಗೆ ತೆಗೆದರೆ ಮೂರು ಪದರ. ಕೆಳಗೆ ಗಟ್ಟಿ ಕೆಂಪು. ಅದರ ಮೇಲೆ ಉಗುರಿನ ಅಂಚಿನಷ್ಟು ತೆಳುವಾದ ಬಿಳಿ ಗೆರೆ. ಅದರ ಮೇಲೆ ತಿಳಿ ಹಳದಿ ನೀರು, ಅದೇ ಪ್ಲಾಸ್ಮಾ. ಕೊಳವೆಯನ್ನು 100 ಭಾಗ ಅಂತ ಹಿಡಿದರೆ ಕೆಂಪು ಎಷ್ಟು ಭಾಗ ಇದೆಯೋ ಅದೇ ಪಿಸಿವಿ. ಆರೋಗ್ಯವಂತ ಗಂಡಸಿನಲ್ಲಿ 45ರ ಆಜುಬಾಜು. ನಿಮ್ಮದು 54.6.

ಈಗ ನೋಡಿ. ಕೆಂಪು ಭಾಗ 54 ಆಗಲು ಎರಡು ದಾರಿ ಇದೆ. ಒಂದು, ಕೆಂಪು ಕಣವೇ ಜಾಸ್ತಿ ಆಗಿರಬೇಕು. ಇಲ್ಲ, ಕೆಂಪು ಅಷ್ಟೇ ಇದ್ದು ಮೇಲಿನ ಹಳದಿ ನೀರು ಕಡಿಮೆ ಆಗಿರಬೇಕು. ಮಷೀನ್‌ಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ಎರಡಕ್ಕೂ "ಹೈ" ಅಂತಲೇ ಹೊಡೆಯುತ್ತದೆ. ಎರಡನೇ ತರಹದ್ದು ಸುಳ್ಳು ಏರಿಕೆ. ಡಾಕ್ಟರುಗಳು ಅದಕ್ಕೆ ರಿಲೇಟಿವ್ ಪಾಲಿಸೈಥೀಮಿಯಾ ಅನ್ನುತ್ತಾರೆ.

ನಿಮ್ಮ ಕಥೆಯಲ್ಲಿ ನೀರು ಕಡಿಮೆ ಆಗಲು ಕಾರಣ ಒಂದೆರಡಲ್ಲ. ಬೆವರು. 14 ತಾಸು ನೀರಿಲ್ಲ. ನಿಂತುಕೊಂಡೇ ಇದ್ದರೂ ಪ್ಲಾಸ್ಮಾ ಸ್ವಲ್ಪ ರಕ್ತನಾಳದಿಂದ ಹೊರಗೆ ಸರಿಯುತ್ತದೆ. ತೋಳಿಗೆ ಪಟ್ಟಿ ಕಟ್ಟಿ ನರ ಹುಡುಕುತ್ತಾ ಒಂದು ನಿಮಿಷಕ್ಕಿಂತ ಜಾಸ್ತಿ ಬಿಟ್ಟರೂ ಅಂಕಿ ಏರುತ್ತದೆ. ಮಾತ್ರೆಯ ಎಚ್ ಅಂದರೆ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಾಜೈಡ್, ಮೂತ್ರ ಜಾಸ್ತಿ ಮಾಡಿಸುವ ಔಷಧ. ಅದೂ ನೀರು ಎಳೆಯುತ್ತದೆ.

ಇನ್ನೊಂದು ಮಾತು. ಫಾಸ್ಟಿಂಗ್ ಅಂದರೆ ಊಟ, ಚಹಾ ಬೇಡ ಅಂತ. ಬರೀ ನೀರು ಕುಡಿಯಬಹುದು. ಇದನ್ನು ನಾನು ದಿನಕ್ಕೆ 20 ಸಲ ಹೇಳುತ್ತೇನೆ.

ಮುಧೋಳ ಬೆಲ್ಲ · ಏಪ್ರಿಲ್ 15, ಬೆಳಿಗ್ಗೆ 6:20

ಲ್ಯಾಬ್ ಅಣ್ಣ ಹೇಳಿದ್ದು ನಮ್ಮ ಗಾಣದ ಲೆಕ್ಕ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು ಪಾಕ ಆಗುತ್ತದೆ. ದಪ್ಪ ಆಯಿತು ಅಂತ ಸಕ್ಕರೆ ಎಲ್ಲಿಂದಲೋ ಬಂದು ಸೇರಲಿಲ್ಲ, ನೀರು ಆವಿಯಾಗಿ ಹೋಯಿತು ಅಷ್ಟೇ.

ಅಥಣಿ ಚಪ್ಪಲಿ · 6:41

ಹಾಗಿದ್ದರೆ ಬಿಪಿ ಮಾತ್ರೆ ನಿಲ್ಲಿಸಿ, ನಾಲ್ಕು ಲೀಟರ್ ನೀರು ಕುಡಿದು ಮತ್ತೆ ಪರೀಕ್ಷೆ ಮಾಡಿಸಿದರೆ ಆಯಿತು. ಇಷ್ಟು ದೊಡ್ಡ ಪುರಾಣ ಯಾಕೆ?

ಸಿಂದಗಿ ಸಿಸ್ಟರ್ · 7:05

ಅಯ್ಯೋ ತಮ್ಮಾ, ಮಾತ್ರೆ ನಿಲ್ಲಿಸು ಅಂತ ಇಲ್ಲಿ ಯಾರೂ ಹೇಳಬೇಡಿ. ಬಿಪಿ ಮಾತ್ರೆಯನ್ನು ತಾನಾಗಿಯೇ ಬಿಟ್ಟು ಲಕ್ವಾ ಹೊಡೆಸಿಕೊಂಡು ಬಂದವರನ್ನು 31 ವರ್ಷ ವಾರ್ಡ್‌ನಲ್ಲಿ ನೋಡಿದ್ದೇನೆ. ಬದಲಿಸುವುದಿದ್ದರೆ ಬರೆದುಕೊಟ್ಟ ಡಾಕ್ಟರೇ ಬದಲಿಸಬೇಕು.

ನೀರನ್ನೂ ಪರೀಕ್ಷೆ ಗೆಲ್ಲಲು ಕುಡಿಯುವುದಲ್ಲ. ಎರಡು ದಿನ ಬಾಯಾರಿಕೆಗೆ ತಕ್ಕಂತೆ ನೀರು, ಮಜ್ಜಿಗೆ, ಅಂಬಲಿ ಕುಡಿದು, ರಾತ್ರಿ ಸರಿಯಾಗಿ ಮಲಗಿ, ಕುಳಿತುಕೊಂಡು ರಕ್ತ ಕೊಡಿ. ಸಾಕು. ಹೃದಯ, ಕಿಡ್ನಿ ತೊಂದರೆ ಇದ್ದವರು ನೀರಿನ ಅಳತೆಯನ್ನು ಡಾಕ್ಟರ್ ಹತ್ತಿರ ಕೇಳಿಯೇ ಕುಡಿಯಬೇಕು.

ಒಂದು ಕೈ ಕಾಲು ಜೋಮು ಹಿಡಿದರೆ, ಮಾತು ತೊದಲಿದರೆ, ಎದೆ ನೋವು ಬಂದರೆ, ಕಣ್ಣು ಥಟ್ಟನೆ ಮಂಜಾದರೆ, ಒಂದೇ ಮೀನಖಂಡ ಊದಿಕೊಂಡರೆ ಇಲ್ಲಿ ಪೋಸ್ಟ್ ಹಾಕುತ್ತಾ ಕೂರಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ನಿಪ್ಪಾಣಿ ಅಳಿಯ · 7:33

ಬೀಡಿಗೂ ಇದಕ್ಕೂ ಏನು ಸಂಬಂಧ ರೀ? ನಮ್ಮೂರಿನ ಸುತ್ತಮುತ್ತ ತಂಬಾಕು ಬೆಳೆದೇ ಮಂದಿ ಮನೆ ಕಟ್ಟಿದ್ದಾರೆ. ನಾನೂ 15 ವರ್ಷದಿಂದ ಸೇದುತ್ತಿದ್ದೇನೆ. ಕೋವಿಡ್ ಸಮಯದಲ್ಲಿ ತಂದ ಬೆರಳಿನ ಮಷೀನ್ ಇದೆ, ಈಗಷ್ಟೇ ಹಾಕಿ ನೋಡಿದೆ, ಆಕ್ಸಿಜನ್ 98. ಸುಮ್ನೆ ಎಲ್ಲದಕ್ಕೂ ಬೀಡಿಯನ್ನೇ ಬೈಯುತ್ತೀರಿ.

ನೇರಳೆ ಮುಚ್ಚಳ · 8:02

ಅಳಿಯಂದ್ರೇ, ಆ 98ನ್ನು ನಂಬಬೇಡಿ. ಬೀಡಿ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿನ ಮಷೀನ್‌ಗೆ ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಯಾವುದು, ಹೊಗೆ ಹೊತ್ತದ್ದು ಯಾವುದು ಗೊತ್ತಾಗುವುದಿಲ್ಲ. ಎರಡನ್ನೂ ಕೂಡಿಸಿ 98 ಅನ್ನುತ್ತದೆ.

ಬಸ್ಸಿನ ಸೀಟಿನಲ್ಲಿ ಟವೆಲ್ ಹಾಕಿಟ್ಟ ಹಾಗೆ. ಸೀಟು ಭರ್ತಿ ಕಾಣುತ್ತದೆ, ಮನುಷ್ಯ ಇಲ್ಲ. ಮೈಗೆ ಆಕ್ಸಿಜನ್ ಸಾಲುವುದಿಲ್ಲ. ಕಿಡ್ನಿಯಿಂದ ಎರಿಥ್ರೋಪೊಯೆಟಿನ್ ಅನ್ನುವ ಹಾರ್ಮೋನ್ ಹೊರಡುತ್ತದೆ. ಎಲುಬಿನ ಮಜ್ಜೆ ಇನ್ನಷ್ಟು ಕೆಂಪು ಕಣ ತಯಾರು ಮಾಡುತ್ತದೆ. ಅದು ನಿಜವಾದ ಏರಿಕೆ. ಜೊತೆಗೆ ಹೊಗೆ ಪ್ಲಾಸ್ಮಾವನ್ನೂ ಕಡಿಮೆ ಮಾಡುತ್ತದೆ. ಅಂದರೆ ಬೀಡಿ ಸೇದುವವರಿಗೆ ಎರಡೂ ಕಡೆಯಿಂದ ಹೊಡೆತ.

ನಿಪ್ಪಾಣಿ ಅಳಿಯ · 8:04

ಟವೆಲ್ ಉದಾಹರಣೆ ಮಾತ್ರ ಸರಿಯಾಗಿ ತಾಗಿತು.

ತಿಕೋಟಾ ದ್ರಾಕ್ಷಿ · 9:27

ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎಲ್ಲರೂ ನೀರು ಕಡಿಮೆ, ನೀರು ಕಡಿಮೆ ಅಂತ ಹೇಳಿ ಬಿಟ್ಟರೆ ನನ್ನ ಅವ್ವನಂಥವರು ಕೈತಪ್ಪಿ ಹೋಗುತ್ತಾರೆ.

ಅವ್ವನಿಗೆ ಆಗ 63. ಬೀಡಿ ಇಲ್ಲ, ಬಿಪಿ ಇಲ್ಲ. ಎರಡು ವರ್ಷ ತಲೆಭಾರ ಅನ್ನುತ್ತಿದ್ದಳು. ಬಿಸಿನೀರು ಹೊಯ್ದುಕೊಂಡು ಬಂದರೆ ಸಾಕು, ಮೈಯೆಲ್ಲಾ ತುರಿಕೆ. ಗುಳ್ಳೆ ಇಲ್ಲ, ಕೆಂಪು ಇಲ್ಲ, ಬರೀ ತುರಿಕೆ. ನಾವು ಸೋಪು ಬದಲಿಸಿದೆವು. ಕಡ್ಲಿಹಿಟ್ಟು ಹಚ್ಚಿದೆವು. ಕೊನೆಗೆ ಅವಳು ಸ್ನಾನಕ್ಕೇ ಹೆದರುವ ಹಾಗಾಯಿತು. ರಾತ್ರಿ ಅಂಗಾಲು ಉರಿ, ತಂಪು ಬಂಡೆಗಲ್ಲಿನ ಮೇಲೆ ಕಾಲಿಟ್ಟು ಕೂರುತ್ತಿದ್ದಳು. ಮುಖ ಕೆಂಪಗೆ ಹೊಳೆಯುತ್ತಿತ್ತು. ನೋಡಿದವರೆಲ್ಲ "ಅಕ್ಕಾ, ವಯಸ್ಸೇ ಆಗಿಲ್ಲ ನಿಮಗೆ" ಅನ್ನುವವರು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 19.1, ಪಿಸಿವಿ 60. ಬಿಳಿ ಕಣ 14 ಸಾವಿರ, ಪ್ಲೇಟ್‌ಲೆಟ್ 6 ಲಕ್ಷದ 80 ಸಾವಿರ. ಸ್ಕ್ಯಾನ್‌ನಲ್ಲಿ ಗುಲ್ಮ ದೊಡ್ಡದಾಗಿತ್ತು. ಎರಿಥ್ರೋಪೊಯೆಟಿನ್ ತುಂಬಾ ಕಡಿಮೆ. ಜಾಕ್2 ಅನ್ನುವ ಜೀನ್ ಪರೀಕ್ಷೆ ಪಾಸಿಟಿವ್. ಪಾಲಿಸೈಥೀಮಿಯಾ ವೆರಾ ಅಂದರು. ಮಜ್ಜೆಯೇ ಯಾರ ಮಾತೂ ಕೇಳದೆ ಕಣ ಹುಟ್ಟಿಸುವ ಕಾಯಿಲೆ. ರಕ್ತದ ಕ್ಯಾನ್ಸರ್‌ಗಳ ಗುಂಪಿಗೇ ಸೇರಿಸುತ್ತಾರೆ, ಆದರೆ ನಿಧಾನದ್ದು.

ಮೊದಲು ವಾರ ಎರಡು ವಾರಕ್ಕೊಮ್ಮೆ ಒಂದು ಬ್ಯಾಗ್ ರಕ್ತ ತೆಗೆದರು, ಪಿಸಿವಿ 45ರ ಕೆಳಗೆ ಬರುವ ತನಕ. ದಿನಾ ಸಣ್ಣ ಆಸ್ಪಿರಿನ್. ವಯಸ್ಸು 60 ದಾಟಿದ್ದರಿಂದ ಮಜ್ಜೆಯ ವೇಗ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್. ಈಗ ಆರನೇ ವರ್ಷ. ದ್ರಾಕ್ಷಿ ಒಣಗಿಸುವ ಶೆಡ್‌ನಲ್ಲಿ ಆಳುಗಳನ್ನು ಬೈದುಕೊಂಡು ಓಡಾಡುತ್ತಿದ್ದಾಳೆ.

ನಡುವೆ ಒಂದು ತಪ್ಪು ನಮ್ಮಿಂದಲೇ ಆಯಿತು. ರಕ್ತ ತೆಗೆದು ತೆಗೆದು ಕಬ್ಬಿಣಾಂಶ ಕಡಿಮೆ ಅಂತ ಒಂದು ರಿಪೋರ್ಟ್ ಬಂತು. ಸಂಬಂಧಿಕರೊಬ್ಬರು ಐರನ್ ಟಾನಿಕ್ ತಂದುಕೊಟ್ಟರು. ಒಂದೂವರೆ ತಿಂಗಳು ಕುಡಿಸಿದೆವು. ಪಿಸಿವಿ 44 ಇದ್ದದ್ದು 53ಕ್ಕೆ ಹಾರಿತು. ಆ ಕಾಯಿಲೆಯಲ್ಲಿ ಕಬ್ಬಿಣ ಕಡಿಮೆ ಇರುವುದೇ ಮಜ್ಜೆಗೆ ಹಾಕಿದ ಲಗಾಮು ಅಂತ ಡಾಕ್ಟರ್ ಬೈದರು. ನಾವು ಆ ಲಗಾಮು ಬಿಚ್ಚಿದ್ದೆವು.

ಬನಹಟ್ಟಿ ಮಗ್ಗ · 9:40

ಅಕ್ಕಾರ, ನಿಮ್ಮ ಪೋಸ್ಟ್ ಓದುತ್ತಾ ಓದುತ್ತಾ ನನಗೆ ಬೆನ್ನು ತುರಿಸಲು ಶುರುವಾಗಿದೆ.

ತಿಕೋಟಾ ದ್ರಾಕ್ಷಿ · 9:44

ಅದು ಮಗ್ಗದ ನೂಲಿನ ಧೂಳು ಇರುತ್ತದೆ ಅಣ್ಣಾರ. ಹೆದರಿಸಲು ಬರೆಯಲಿಲ್ಲ. ನಿಮ್ಮ ಬಿಳಿ ಕಣ, ಪ್ಲೇಟ್‌ಲೆಟ್ ನಾರ್ಮಲ್ ಇವೆ. ಅವ್ವನ ಹಾಗೆ ಮೂರೂ ಏರಿಲ್ಲ.

ನೇರಳೆ ಮುಚ್ಚಳ · 10:10

ಮೂರೂ ಏರದೇ ವೆರಾ ಇರುವವರೂ ಇದ್ದಾರೆ, ಅದಕ್ಕೇ ಮರು ಪರೀಕ್ಷೆ ಬೇಕು. 100ರಲ್ಲಿ ಸುಮಾರು 95 ವೆರಾ ರೋಗಿಗಳಲ್ಲಿ ಜಾಕ್2 ಬದಲಾವಣೆ ಸಿಗುತ್ತದೆ. ಅದು ಗೊತ್ತಾಗಿದ್ದು 2005ರಲ್ಲಿ. ಗಂಡಸರಲ್ಲಿ ಹಿಮೋಗ್ಲೋಬಿನ್ 16.5 ಅಥವಾ ಪಿಸಿವಿ 49 ದಾಟಿದರೆ, ಹೆಂಗಸರಲ್ಲಿ 16 ಅಥವಾ 48 ದಾಟಿದರೆ ಡಾಕ್ಟರುಗಳು ಆ ದಿಕ್ಕಿನಲ್ಲಿ ಯೋಚನೆ ಶುರುಮಾಡುತ್ತಾರೆ. ದಾಟಿದವರಿಗೆಲ್ಲ ಆ ಕಾಯಿಲೆ ಇದೆ ಅಂತ ಅರ್ಥ ಅಲ್ಲ.

ರಜೆ ಮೇಲಿನ ಫೌಜಿ · 11:52

ಗೋಕಾಕ ಕಡೆಯವನು ನಾನು. ಲೇಹ್‌ನಲ್ಲಿ ಪೋಸ್ಟಿಂಗ್ ಇತ್ತು, 3,500 ಮೀಟರ್ ಎತ್ತರ. ರಜೆಗೆ ಬಂದ ವಾರವೇ ಕಾಲಿಗೆ ಪೆಟ್ಟಾಗಿ ಇಲ್ಲಿ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 18.8. ಡಾಕ್ಟರ್ ಗಾಬರಿಯಾಗಿ ನನ್ನನ್ನೇ ನೋಡಿದರು. ಎಲ್ಲಿ ಕೆಲಸ ಅಂದರು. ಲೇಹ್ ಅಂದೆ. ಪೆನ್ನು ಕೆಳಗಿಟ್ಟು ನಕ್ಕರು. ಅಲ್ಲಿ ಗಾಳಿ ತೆಳು, ಅದಕ್ಕೆ ಮೈ ಕಣ ಜಾಸ್ತಿ ಮಾಡಿಕೊಳ್ಳುತ್ತದೆ. ಕೆಳಗೆ ಇಳಿದ ಮೇಲೆ ಕೆಲವು ವಾರದಲ್ಲಿ ತಾನಾಗಿಯೇ ಇಳಿಯಿತು.

ಟಿಳಕವಾಡಿ ಮಳೆ · 12:05

ಹಾಗಾದರೆ ಬೆಳಗಾವಿಯೂ ಎತ್ತರದಲ್ಲಿದೆ ಅಲ್ವಾ? ನಮಗೆಲ್ಲ ಜಾಸ್ತಿ ಇರಬೇಕಲ್ಲ?

ರಜೆ ಮೇಲಿನ ಫೌಜಿ · 12:09

ಅಕ್ಕಾರ, ಬೆಳಗಾವಿ 800 ಮೀಟರ್ ಕೂಡ ಇಲ್ಲ. ಅಷ್ಟಕ್ಕೆ ಏನೂ ಆಗುವುದಿಲ್ಲ. ಛಳಿಗೆ ಕುಂದಾ ತಿನ್ನಲು ನೆಪ ಸಿಗುತ್ತದೆ ಅಷ್ಟೇ.

ಜಮಖಂಡಿ ಸೊಸೆ · ಮಧ್ಯಾಹ್ನ 2:36

ಮಗ್ಗದ ಅಣ್ಣಾರ ಮನೆಯವರು ನಕ್ಕರು ಅಂದರಲ್ಲ, ಆ ನಗೆ ನನಗೆ ಗೊತ್ತು. ನಮ್ಮ ಮನೆಯವರ ಗೊರಕೆಗೆ ಓಣಿಯ ನಾಯಿ ಎದ್ದು ಬೊಗಳುತ್ತಿತ್ತು. ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ನಾನು ಎಣಿಸುತ್ತಿದ್ದೆ. ಒಂದು, ಎರಡು, ಹದಿನೈದು, ಇಪ್ಪತ್ತು. ಆಮೇಲೆ ಉಸಿರು ಕಟ್ಟಿದವರ ಹಾಗೆ ಗಕ್ಕನೆ ಎದ್ದು ಮತ್ತೆ ಶುರು. ಹಗಲು ಅಂಗಡಿಯಲ್ಲಿ ಗಿರಾಕಿ ಮುಂದೆಯೇ ತೂಕಡಿಕೆ.

ಅವರಿಗೂ ಹಿಮೋಗ್ಲೋಬಿನ್ 17.6 ಇತ್ತು. ಸ್ಲೀಪ್ ಆಪ್ನಿಯಾ ಅಂದರು. ರಾತ್ರಿ ಪೂರ್ತಿ ಆಕ್ಸಿಜನ್ ಇಳಿದು ಏರುತ್ತಿದ್ದರೆ ಕೆಲವರಲ್ಲಿ ರಕ್ತವೂ ಏರುತ್ತದಂತೆ. ಮೂಗಿಗೆ ಗಾಳಿ ಊದುವ ಮಷೀನ್ ಹಾಕಿ, 9 ಕಿಲೋ ಇಳಿಸಿದ ಮೇಲೆ 16ಕ್ಕೆ ಬಂತು. ನಾಯಿಯೂ ಈಗ ಮಲಗುತ್ತದೆ.

ಗರಡಿ ಮಣ್ಣು · 3:10

ಇದನ್ನೂ ಸೇರಿಸಿಕೊಳ್ಳಿ. ನಮ್ಮ ಹುಡುಗನೊಬ್ಬ, 24 ವರ್ಷ, ಗರಡಿ ಬಿಟ್ಟು ಜಿಮ್‌ಗೆ ಹೋದ. ಆರು ತಿಂಗಳಲ್ಲಿ ತೋಳು ತೊಡೆಯಷ್ಟಾಯಿತು. ನಾವು ಬಾದಾಮಿ ಹಾಲು ಅಂದುಕೊಂಡೆವು. ಆಮೇಲೆ ಗೊತ್ತಾಯಿತು, ಯಾರೋ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚುಚ್ಚುತ್ತಿದ್ದರು. ಪಿಸಿವಿ 56. ಡಾಕ್ಟರ್ ಇಂಜೆಕ್ಷನ್ ನಿಲ್ಲಿಸಿಸಿದರು, ಮೂರ್ನಾಲ್ಕು ತಿಂಗಳಿಗೆ ಇಳಿಯಿತು. ತೋಳೂ ಇಳಿಯಿತು.

ಇಂಡಿ ನಿಂಬೆ · 4:22

ನನಗೆ ಸಕ್ಕರೆ ಕಾಯಿಲೆ. ಕಳೆದ ವರ್ಷ ಡಾಪಾಗ್ಲಿಫ್ಲೋಜಿನ್ ಶುರುಮಾಡಿದ ಮೇಲೆ ಹಿಮೋಗ್ಲೋಬಿನ್ 14.8ರಿಂದ 16ಕ್ಕೆ ಏರಿತು. ಅದೂ ಇದಕ್ಕೇ ಸೇರಿದ್ದಾ?

ಸಿಂದಗಿ ಸಿಸ್ಟರ್ · 4:50

ಹೌದು ಕಾಕಾ. ಆ ಗುಂಪಿನ ಮಾತ್ರೆಗಳಲ್ಲಿ ಪಿಸಿವಿ ಸ್ವಲ್ಪ ಏರುವುದು ಗೊತ್ತಿರುವ ಸಂಗತಿ. ಆದರೆ ಹೃದಯಕ್ಕೆ, ಕಿಡ್ನಿಗೆ ಒಳ್ಳೆಯ ಮಾತ್ರೆ ಅದು. ಏರಿತು ಅಂತ ಬಿಟ್ಟುಬಿಡಬೇಡಿ. ಮುಂದಿನ ಸಲ ಡಾಕ್ಟರಿಗೆ ಎರಡೂ ರಿಪೋರ್ಟ್ ಜೊತೆಗೆ ತೋರಿಸಿ.

ಶಹಾಪುರ ಸೀರೆ · ಸಂಜೆ 6:15

ನನ್ನದು ಉಲ್ಟಾ ಕಥೆ. ಆರ್‌ಬಿಸಿ 6.1, ಅದು ಹೈ. ಹಿಮೋಗ್ಲೋಬಿನ್ 10.8, ಅದು ಲೋ. ಒಂದೇ ಕಾಗದದಲ್ಲಿ ಜಾಸ್ತಿಯೂ ಕಡಿಮೆಯೂ! ಎಂಸಿವಿ 62 ಅಂತ ಇದೆ. ಮೂರು ವರ್ಷದಿಂದ ಐರನ್ ಮಾತ್ರೆ ನುಂಗುತ್ತಿದ್ದೇನೆ, ಒಂದು ಪಾಯಿಂಟ್ ಏರಿಲ್ಲ. ಮುಂದಿನ ವರ್ಷ ಮದುವೆ ಮಾತು ನಡೆದಿದೆ.

ನೇರಳೆ ಮುಚ್ಚಳ · 6:48

ತಂಗೀ, ಇದು ಬೇರೆಯೇ ವಿಷಯ. ನಿಮ್ಮ ಕಣಗಳ ಸಂಖ್ಯೆ ಜಾಸ್ತಿ, ಆದರೆ ಒಂದೊಂದೂ ಸಾಸಿವೆಯಂತೆ ಸಣ್ಣದು. ಎಂಸಿವಿ ಅಂದರೆ ಒಂದು ಕಣದ ಸರಾಸರಿ ಗಾತ್ರ. ಆ 62ನ್ನು ಆರ್‌ಬಿಸಿಯ 6.1ರಿಂದ ಭಾಗಿಸಿ, ಸುಮಾರು 10 ಬರುತ್ತದೆ. ಇದು 13ಕ್ಕಿಂತ ಕಡಿಮೆ ಬಂದರೆ ನಾವು ಲ್ಯಾಬ್‌ನವರು ಥಲಸ್ಸೀಮಿಯಾ ಮೈನರ್, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶಪಾರಂಪರ್ಯ ದೋಷದ ಸೌಮ್ಯ ರೂಪ ಇರಬಹುದು ಅಂತ ಅನುಮಾನಪಡುತ್ತೇವೆ. ಬರೀ ಐರನ್ ಕೊರತೆ ಇದ್ದರೆ ಸಾಮಾನ್ಯವಾಗಿ 13ರ ಮೇಲೆ ಬರುತ್ತದೆ. ಇದು ಅಂದಾಜು ಮಾತ್ರ. ಖಚಿತವಾಗಲು ಎಚ್‌ಪಿಎಲ್‌ಸಿ ಅನ್ನುವ ಹಿಮೋಗ್ಲೋಬಿನ್ ಪರೀಕ್ಷೆ, ಜೊತೆಗೆ ಮೈಯಲ್ಲಿ ಕೂಡಿಟ್ಟ ಐರನ್ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಮಾಡಿಸಿ.

ಮೈನರ್ ಇದ್ದರೆ ನಿಮಗೆ ಏನೂ ತೊಂದರೆ ಇಲ್ಲ, ಆಯುಷ್ಯ ಎಲ್ಲರಂತೆ. ಆದರೆ ಹುಡುಗನಿಗೂ ಪರೀಕ್ಷೆ ಆಗಲಿ. ಇಬ್ಬರಿಗೂ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಅದರ ತೀವ್ರ ರೂಪವಾದ ಥಲಸ್ಸೀಮಿಯಾ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಜಾತಕದ ಜೊತೆ ಇದೊಂದು ಕಾಗದ ಕೇಳಿ.

ಶಹಾಪುರ ಸೀರೆ · 6:55

ಮೂರು ವರ್ಷದಲ್ಲಿ ಯಾರೂ ಭಾಗಾಕಾರ ಮಾಡಿರಲಿಲ್ಲ. ನಾಳೆಯೇ ಹೋಗುತ್ತೇನೆ ಅಣ್ಣ.

ಅಥಣಿ ಚಪ್ಪಲಿ · 7:30

ಸರಿ, ಬೆಳ್ಳುಳ್ಳಿ ವಾಪಸ್ ತೆಗೆದುಕೊಂಡೆ. ಆದರೆ ರಕ್ತದಾನದಲ್ಲಿ ತಪ್ಪೇನು? ಆ ಅಕ್ಕನ ಅವ್ವನಿಗೂ ರಕ್ತ ತೆಗೆದೇ ವಾಸಿ ಮಾಡಿದ್ದಲ್ವಾ? ಇನ್ನೊಬ್ಬರ ಜೀವವೂ ಉಳಿಯುತ್ತದೆ.

ಸಿಂದಗಿ ಸಿಸ್ಟರ್ · 7:52

ತಪ್ಪು ಇರುವುದು ಸಮಯದಲ್ಲಿ. ಕಾರಣ ಗೊತ್ತಾಗುವ ಮುಂಚೆ ರಕ್ತ ಕೊಟ್ಟು ಬಂದರೆ ಅಂಕಿ ಇಳಿಯುತ್ತದೆ, ಕಾಯಿಲೆ ಇದ್ದರೆ ಅಡಗಿಕೊಳ್ಳುತ್ತದೆ. ವೆರಾ ಇದ್ದವರಿಂದ ದಾನಕ್ಕೆ ರಕ್ತ ತೆಗೆದುಕೊಳ್ಳುವುದಿಲ್ಲ. ಅವರಿಂದ ತೆಗೆದದ್ದನ್ನು ಚೆಲ್ಲುತ್ತಾರೆ. ಮತ್ತೆ ನೀರು ಕಡಿಮೆಯಾಗಿ ಏರಿದವರಿಂದ ರಕ್ತ ತೆಗೆದರೆ, ಮೊದಲೇ ಬತ್ತಿದ ಬಾವಿಯಿಂದ ಮತ್ತೆರಡು ಕೊಡ ಎತ್ತಿದ ಹಾಗೆ.

ಕಾರಣ ಏನೂ ಇಲ್ಲ, ಆರೋಗ್ಯ ಸರಿ ಇದೆ ಅಂದಾಗ ಧಾರಾಳವಾಗಿ ಕೊಡಿ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ.

ಗುಮ್ಮಟದ ನೆರಳು · 8:01

ನಮ್ಮ ಪಕ್ಕದ ಮನೆಯವರು ರಕ್ತ ತೆಳು ಆಗಲಿ ಅಂತ ದಿನಾ ಆಸ್ಪಿರಿನ್ ತಾವೇ ತೆಗೆದುಕೊಳ್ಳುತ್ತಾರೆ. ಅದು ಸರಿನಾ?

ಸಿಂದಗಿ ಸಿಸ್ಟರ್ · 8:07

ಅಲ್ಲ. ಆಸ್ಪಿರಿನ್‌ನಿಂದ ಪಿಸಿವಿ ಒಂದು ಕೂದಲಷ್ಟೂ ಇಳಿಯುವುದಿಲ್ಲ. ಅದು ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಡೆಯುತ್ತದೆ. "ತೆಳು ಮಾಡುವ ಮಾತ್ರೆ" ಅಂತ ಹೆಸರಿಟ್ಟು ನಾವೇ ದಾರಿ ತಪ್ಪಿಸಿದ್ದೇವೆ. ಸುಮ್ನೆ ನುಂಗಿದರೆ ಹೊಟ್ಟೆಯಲ್ಲಿ ರಕ್ತ ಸೋರಿದ್ದನ್ನು ನೋಡಿದ್ದೇನೆ.

ಅಮೀನಗಡ ಅಂಟು · 8:40

ಕರದಂಟಿನಲ್ಲಿ ಐರನ್ ಇದೆ ಅಂತಾರೆ, ಮಗ್ಗದ ಅಣ್ಣಾರು ತಿನ್ನಬಹುದಾ? ನಾನು ಕೇಳುವುದು ವ್ಯಾಪಾರಕ್ಕಲ್ಲ.

ರಜೆ ಮೇಲಿನ ಫೌಜಿ · 8:43

ವ್ಯಾಪಾರಕ್ಕೇ ಕೇಳಿದಿರಿ. ಇರಲಿ, ಕರದಂಟು ಅಂದರೆ ಗೋಕಾಕದ್ದು.

ಅಮೀನಗಡ ಅಂಟು · 8:44

ಗೋಕಾಕದವರು ಫಾಲ್ಸ್ ನೋಡಿಕೊಂಡು ಸುಮ್ಮನಿರಿ.

ಟಿಳಕವಾಡಿ ಮಳೆ · 8:50

ಶುರುವಾಯಿತು ನೋಡ್ರಿ. ಇನ್ನು ನಾಳೆ ಬೆಳಗಿನ ತನಕ ಇದೇ.

ನೇರಳೆ ಮುಚ್ಚಳ · 9:12

ಜಗಳದ ನಡುವೆ ಉತ್ತರ ಹೇಳಿಬಿಡುತ್ತೇನೆ. ಊಟದಲ್ಲಿನ ಐರನ್‌ನಿಂದ ಆರೋಗ್ಯವಂತನ ರಕ್ತ 18ಕ್ಕೆ ಏರುವುದಿಲ್ಲ. ಬೀಟ್‌ರೂಟ್, ದಾಳಿಂಬೆ, ಖರ್ಜೂರ ಯಾವುದನ್ನೂ ಬಿಡಬೇಕಾಗಿಲ್ಲ. ಬೀಟ್‌ರೂಟ್ ಕೆಂಪಗಿದೆ ಅನ್ನುವುದು ಬಿಟ್ಟರೆ ಅದಕ್ಕೂ ನಮ್ಮ ಕೆಂಪು ಕಣಕ್ಕೂ ನೆಂಟಸ್ತನ ಇಲ್ಲ. ಕರದಂಟಿನಲ್ಲಿ ನೋಡಬೇಕಾದದ್ದು ಬೆಲ್ಲ, ಅದೂ ಸಕ್ಕರೆ ಕಾಯಿಲೆ ಇದ್ದರೆ.

ಬನಹಟ್ಟಿ ಮಗ್ಗ · ಏಪ್ರಿಲ್ 26, ರಾತ್ರಿ 9:20

ಎಲ್ಲರಿಗೂ ಸುದ್ದಿ ಹೇಳಬೇಕು. ಜಮಖಂಡಿಯಲ್ಲಿ ಫಿಜಿಷಿಯನ್ ಹತ್ತಿರ ಹೋಗಿದ್ದೆ. ಟ್ರಂಕಿನ ತಳದಲ್ಲಿ 2019ರ ಒಂದು ರಿಪೋರ್ಟ್ ಸಿಕ್ಕಿತ್ತು, ಆಗ 16.4. ಅದನ್ನೂ ಒಯ್ದಿದ್ದೆ. ಅವರು ಮೊದಲು ನೋಡಿದ್ದು ಅದನ್ನೇ.

ಎರಡು ದಿನ ಚೆನ್ನಾಗಿ ನೀರು ಕುಡಿದು, ಕುಳಿತುಕೊಂಡು ಮತ್ತೆ ರಕ್ತ ಕೊಟ್ಟೆ. ಹಿಮೋಗ್ಲೋಬಿನ್ 17.0, ಪಿಸಿವಿ 50.4, ಆರ್‌ಬಿಸಿ 5.7. ಅಂದರೆ ನಾಲ್ಕು ಪಾಯಿಂಟ್ ಬರೀ ನೀರಿನದ್ದು! ಆದರೆ ಪೂರ್ತಿ ಇಳಿದಿಲ್ಲ. ಉಳಿದದ್ದು ಬೀಡಿಯ ಪಾಲು ಇರಬೇಕು ಅಂದರು. ಹೊಟ್ಟೆ ಸ್ಕ್ಯಾನ್ ಮಾಡಿದರು, ಗುಲ್ಮ, ಕಿಡ್ನಿ ಸರಿ ಇವೆ. ಕಿಡ್ನಿ ಯಾಕೆ ಅಂತ ಕೇಳಿದೆ. ಅಲ್ಲಿ ಗಡ್ಡೆ ಇದ್ದರೂ ಒಮ್ಮೊಮ್ಮೆ ರಕ್ತ ಏರುತ್ತದಂತೆ. ಎರಿಥ್ರೋಪೊಯೆಟಿನ್ ನಾರ್ಮಲ್. ಜಾಕ್2 ಸದ್ಯಕ್ಕೆ ಬೇಡ, ಬೀಡಿ ಬಿಟ್ಟು ಮೂರು ತಿಂಗಳಾದ ಮೇಲೂ ಹೀಗೇ ಇದ್ದರೆ ಮಾಡೋಣ ಅಂದರು. ಬಿಪಿ ಮಾತ್ರೆಯನ್ನು ಎಚ್ ಇಲ್ಲದ್ದಕ್ಕೆ ಬದಲಿಸಿದರು.

ಯಾಕೆ ಮೂರು ತಿಂಗಳು ಅಂದರೆ, ಒಂದು ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಹೊಗೆ ಒಂದೆರಡು ದಿನದಲ್ಲಿ ರಕ್ತದಿಂದ ಹೋಗುತ್ತದೆ, ಆದರೆ ಅದರ ನೆಪದಲ್ಲಿ ಹುಟ್ಟಿದ ಕಣಗಳು ತಮ್ಮ ಆಯುಷ್ಯ ಮುಗಿಸಿಯೇ ಹೋಗಬೇಕು.

ಬೀಡಿ 20ರಿಂದ 6ಕ್ಕೆ ಬಂದಿದೆ.

ತಿಕೋಟಾ ದ್ರಾಕ್ಷಿ · 9:31

6 ಅಂದರೆ ಬಿಟ್ಟಿಲ್ಲ ಅಂತಲೇ ಅರ್ಥ ಅಣ್ಣಾರ.

ನಿಪ್ಪಾಣಿ ಅಳಿಯ · 9:45

ಅವರನ್ನು ಬೈಯಬೇಡಿ ಅಕ್ಕಾ. 6ಕ್ಕೆ ತರುವುದು ಎಷ್ಟು ಕಷ್ಟ ಅಂತ ಸೇದುವವರಿಗೇ ಗೊತ್ತು. ನಾನು ಇನ್ನೂ 11ರಲ್ಲಿ ಇದ್ದೇನೆ. ಹೌದು, ನಾನೂ ಶುರುಮಾಡಿದ್ದೇನೆ. ಟವೆಲ್ ನೆನಪಾಗುತ್ತದೆ.

ಶಹಾಪುರ ಸೀರೆ · ಮೇ 3, ಬೆಳಿಗ್ಗೆ 11:08

ಎಚ್‌ಪಿಎಲ್‌ಸಿ ಬಂತು. ಥಲಸ್ಸೀಮಿಯಾ ಮೈನರ್. ಫೆರಿಟಿನ್ ಸಾಕಷ್ಟು ಇದೆ, ಐರನ್ ನಿಲ್ಲಿಸಿದರು. ಹುಡುಗನ ಮನೆಯವರಿಗೆ ಅಪ್ಪ ಹೇಳಿದರು. ಅವರು ಒಂದು ಮಾತೂ ಆಡದೆ ಮರುದಿನವೇ ಅವನ ರಕ್ತ ಕೊಡಿಸಿದರು. ನಾರ್ಮಲ್.

ನೇರಳೆ ಮುಚ್ಚಳ · 11:20

ಒಳ್ಳೆಯ ಮನೆ ಸಿಕ್ಕಿದೆ ತಂಗೀ.

ಬನಹಟ್ಟಿ ಮಗ್ಗ · ಆಗಸ್ಟ್ 2, ರಾತ್ರಿ 8:14

ಮರೆತಿದ್ದಿರಾ? ನಿನ್ನೆ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 16.1, ಪಿಸಿವಿ 47.8. "ಹೈ" ಎಲ್ಲೂ ಇಲ್ಲ. ಆರು ತಿಂಗಳಿಗೊಮ್ಮೆ ನೋಡೋಣ ಅಂದರು. ಬೀಡಿ ಬಿಟ್ಟು 71 ದಿನ, ನಡುವೆ ಜಾತ್ರೆಯಲ್ಲಿ ಮೂರು ಸೇದಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಅವ್ವನಿಗೆ ಹೇಳಿದರೆ, "ಇದ್ದ ರಕ್ತಾನೂ ಕಳಕೊಂಡು ಬಂದಿ" ಅಂದಳು.

ವಿಮೆಯವರು ಹೊಸ ಫಾರ್ಮ್ ಕೊಟ್ಟರು. ತಂಬಾಕು ಬಳಸುತ್ತೀರಾ ಅನ್ನುವ ಕಡೆ ಏಜೆಂಟ್ "ಇಲ್ಲ ಅಂತ ಬರೀರಿ ಕಾಕಾ" ಅಂದ. ಹೋದ ಸಲ ಹಾಗೇ ಬರೆದಿದ್ದೆ. ಈ ಸಲ ಹೌದು ಅಂತ ಬರೆದು, ಬಿಟ್ಟ ತಾರೀಖು ಹಾಕಿದೆ. ಪ್ರೀಮಿಯಂ ಜಾಸ್ತಿ ಬಂದಿದೆ.

ಗುಮ್ಮಟದ ನೆರಳು · 8:20

ಅದಕ್ಕೆ ಯಾವ ನೀರು ಕುಡಿದರೂ ಇಳಿಯುವುದಿಲ್ಲ ಬಿಡಿ.

ಅಮೀನಗಡ ಅಂಟು · 8:26

ಅಣ್ಣಾರ, ವಿಳಾಸ ಕಳಿಸಿ. ಅರ್ಧ ಕಿಲೋ ಕರದಂಟು ನನ್ನ ಕಡೆಯಿಂದ. ಗೋಕಾಕದವರಿಗೆ ತೋರಿಸಿ ತಿನ್ನಿ.